ಬೇಸಿಗೆಯಲ್ಲೂ ಬಿಗಿದ ಬಾಗಿಲು

ನಂದಗಡದ ಕುರಿಗಾಹಿ ಮಾಯಪ್ಪನ ಮಗಳು ಪ್ರಮಿಳಾ ಬೆಳಗಾವಿಯ ಕಾಲೇಜೊಂದರಲ್ಲಿ ಕಾಂಕ್ರೀಟಿನ ಪಾಠ ಹೇಳುವ ಮೇಡಂ ಆದದ್ದೇ ತಡ, ಮನೆಯಲ್ಲಿ ಆಕೆಯ ಮಾತು ವೇದವಾಕ್ಯವಾಯಿತು. ಗೋಡೆಗೆ ಮೊಳೆ ಹೊಡೆಯಲೂ ತಮ್ಮ ಬಾಳೇಶ ಅಕ್ಕನನ್ನು ಕೇಳುತ್ತಿದ್ದ. ಮಹಡಿ ಕಟ್ಟಿ ಅಲ್ಲಿ ಭತ್ತದ ಚೀಲ ಒಟ್ಟುವ ಮೊದಲೂ ಕೇಳಿದ್ದ. ನಡುಮನೆಯ ಕಾಂಕ್ರೀಟ್ ಕಂಬ ತಡೆಯುತ್ತದೆ ಎಂದು ಆಕೆಯೇ ಲೆಕ್ಕ ಹಾಕಿ ಹೇಳಿದ್ದಳು.

ಆ ಲೆಕ್ಕವೇ ಆಕೆಯ ಸಂಶೋಧನೆ. ಭಾರ ಹೊತ್ತು ನಿಂತ ಕಾಂಕ್ರೀಟು ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಕುಗ್ಗುತ್ತಲೇ ಇರುತ್ತದೆ. ಭಾರ ಇಮ್ಮಡಿಯಾದರೆ ಕುಗ್ಗುವುದೂ ಇಮ್ಮಡಿ ಎಂಬ ನೇರ ಗೆರೆಯ ಸೂತ್ರವನ್ನು ಪ್ರಮಿಳಾ ಕಣ್ಣುಮುಚ್ಚಿ ನಂಬಿದ್ದಳು. ಅದನ್ನು ಪರೀಕ್ಷಿಸಲು ಪ್ರಯೋಗಶಾಲೆಯಲ್ಲಿ ಎರಡು ಕಾಂಕ್ರೀಟ್ ದಿಂಡುಗಳನ್ನು ಸ್ಪ್ರಿಂಗುಗಳ ನಡುವೆ ಅದುಮಿ ಇಟ್ಟಿದ್ದಳು. ಒಂದರ ಮೇಲೆ ಹಗುರ ಭಾರ, ಇನ್ನೊಂದರ ಮೇಲೆ ಅದು ತಾಳುವಷ್ಟಕ್ಕೆ ತೀರ ಹತ್ತಿರದ ಭಾರ.

ಎರಡು ಸಾವಿರದ ಒಂದರ ಏಪ್ರಿಲ್ಲಿನ ಒಂದು ಮುಂಜಾನೆ, ಯಾರೂ ಮುಟ್ಟದೆ, ಭಾರ ಗುಲಗಂಜಿಯಷ್ಟೂ ಹೆಚ್ಚದೆ, ಆ ಎರಡನೆಯ ದಿಂಡು ಢಮ್ಮೆಂದು ಸಿಡಿಯಿತು. ಹಗುರ ಭಾರದ್ದು ಸೂತ್ರದ ಗೆರೆ ಬಿಟ್ಟು ಕದಲಿರಲಿಲ್ಲ. ಸಿಡಿದದ್ದು ಮಾತ್ರ ವಾರಗಳಿಂದ ಗೆರೆ ಮೀರಿ ಕುಗ್ಗುತ್ತಿತ್ತು. ಅಳೆಯುವ ಡಯಲೇ ಕೆಟ್ಟಿದೆ ಎಂದು ಆಕೆ ಸುಮ್ಮನಿದ್ದಳು.

ಆಗ ಊರಮನೆಯ ಬಾಗಿಲು ನೆನಪಾಯಿತು. ನಂದಗಡವಿರುವ ಖಾನಾಪುರದ ಕಡೆ ಮಳೆಗಾಲದಲ್ಲಿ ಕಟ್ಟಿಗೆ ಉಬ್ಬಿ ಬಾಗಿಲು ಬಿಗಿಯುವುದು, ಅದನ್ನು ಕೆತ್ತುವುದು ಮನೆಮನೆಯ ಕೆಲಸ. ಕಂಬದ ಪಕ್ಕದ ಬಾಗಿಲು ಬಿಗಿದಾಗ ಆಕೆಯೂ ಕೆತ್ತಲು ಹೇಳಿದ್ದಳು. ಆದರೆ ಮೊನ್ನೆ ಯುಗಾದಿಗೆ ಹೋದಾಗಲೂ ಬಾಳೇಶ ಅದನ್ನೇ ಕೆತ್ತುತ್ತಿದ್ದ. ಸುಡುಬಿಸಿಲಿನಲ್ಲಿ ಯಾವ ಕಟ್ಟಿಗೆ ಉಬ್ಬೀತು? ಕಂಬ ಕುಗ್ಗುತ್ತಿತ್ತು, ಮೇಲಿನ ತೊಲೆ ಇಳಿದು ಬಾಗಿಲನ್ನು ಅದುಮುತ್ತಿತ್ತು.

ನೆರೆಮನೆಗೆ ಫೋನು ಹಚ್ಚಿದರೆ ಲೈನು ಸಿಗಲಿಲ್ಲ. ಸಿಕ್ಕ ಬಸ್ಸು ಹತ್ತಿ ನಂದಗಡಕ್ಕೆ ಓಡಿದಳು. ಅವ್ವ ಮಾಯಕ್ಕ ಎಂದಿನಂತೆ ಕಂಬಕ್ಕೆ ಬೆನ್ನು ಕೊಟ್ಟು ಉಣ್ಣೆಯ ನೂಲು ತೆಗೆಯುತ್ತ ಕೂತಿದ್ದಳು. ರಟ್ಟೆ ಹಿಡಿದು ಅಂಗಳಕ್ಕೆ ಎಳೆದು ತಂದ ಮಗಳಿಗೆ ತಲೆ ಕೆಟ್ಟಿತೆಂದೇ ಆಕೆ ತಿಳಿದಳು. ಕಂಬದ ಸಂಗತಿ ಕೇಳಿದ ಮೇಲೆ ಒಳಗಿನ ಬಾಗಿಲಿನತ್ತ ನೋಡಿದಳು.

"ಬಾಗಲಾ ಕೆತ್ತು ಅಂತ ನೀನ ಹೇಳಿದ್ದಿ ಅಲ್ಲೇನ?" ಎಂದಳು.

ಪ್ರಮಿಳಾ ತಮ್ಮನನ್ನು ಕೂಗಿದಳು. ಬಾಳೇಶ ತೊಲೆಗೆ ದಿಮ್ಮಿಗಳ ಆಸರೆ ಕೊಟ್ಟು, ಸಂಜೆಯೊಳಗೆ ಚೀಲಗಳನ್ನೆಲ್ಲ ಕೆಳಗಿಳಿಸಿದ. ಇನ್ನಾದರೂ ಸಡಿಲಾಗಿರಬೇಕೆಂದು ಬಾಗಿಲು ಜಗ್ಗಿದ. ಅದು ಅಲ್ಲಾಡಲಿಲ್ಲ.

"ಭಾರ ಇಳಿಸಿದ್ರೂ ಕಂಬ ಯಾಕ ಮ್ಯಾಲ ಏಳವಲ್ದು, ಅಕ್ಕಾ?"

"ಕುಗ್ಗಿದ್ದು ಹಂಗ ಏಳೂದಿಲ್ಲೋ."

ಕಂಬದ ಬುಡದಲ್ಲಿ ಗಾರೆ ನುಣುಪಾಗಿತ್ತು. ಮಹಡಿ ಆದಾಗಿನಿಂದ ಅವ್ವ ಬೆನ್ನು ಕೊಟ್ಟು ಕೂತ ಜಾಗ ಅದು. ಪ್ರಮಿಳಾ ಅದನ್ನು ಮುಟ್ಟಲು ಹೋಗಿ, ಹೆದರಿ ಕೈ ಹಿಂದೆಗೆದಳು.