ಜ್ವರದ ಪಾರ್ವತವ್ವ ನರ್ಸಾಗಲು ಹೊರಟದ್ದು

ನನ್ನ ಸೋದರತ್ತೆ ಪಾರ್ವತವ್ವ ಸಿರಸಿ, ಸಿದ್ದಾಪುರದ ದವಾಖಾನೆಗಳಲ್ಲಿ ನರ್ಸಾಗಿ ಆಯುಷ್ಯ ಸವೆಸಿದವಳು. ಅವಳು ಬಿಳಿ ಸೀರೆಯುಟ್ಟು ಬೀದಿಗಿಳಿದರೆ ಜನ ನಿಂತು ಕೈಮುಗಿಯುವುದನ್ನು ನಾನೇ ಕಂಡಿದ್ದೇನೆ. ಅದೇ ಜನರ ಅಪ್ಪ ಅಮ್ಮಂದಿರು ಅವಳ ಬಗ್ಗೆ ಏನೇನು ಆಡಿದ್ದರೆಂದು ಗೊತ್ತಿರುವ ನನಗೆ ಆ ನಮಸ್ಕಾರಗಳ ಮೇಲೆ ಅಷ್ಟೇನೂ ಗೌರವವಿಲ್ಲ.

ಬನವಾಸಿಯಲ್ಲಿ ನನ್ನ ಅಜ್ಜ ಸಂಗಯ್ಯನದು ಕಿರಾಣಿ ಅಂಗಡಿ. ಅತ್ತೆಗೆ ಚಿಕ್ಕಂದಿನಲ್ಲಿ ಹಿಡಿದ ಚಳಿಜ್ವರ ಬಿಡಲೇ ಇಲ್ಲ. ದಿನ ಬಿಟ್ಟು ದಿನ ಬರುವ ಜ್ವರ. ಮಧ್ಯಾಹ್ನ ಹಲ್ಲು ಕಟಕಟಿಸುವ ಚಳಿ, ಸಂಜೆಗೆ ಮೈ ಕಾದ ಹಂಚು, ಆಮೇಲೆ ಬೆವರು. ಮರುದಿನ ಏನೂ ಆಗದವಳಂತೆ ಶಾಲೆಗೆ ಓಟ. ಹೀಗೇ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಯನ್ನೂ ಪಾಸು ಮಾಡಿದಳು. ಅರ್ಧ ಹಾಜರಿಯಲ್ಲಿ ಪೂರ್ತಿ ಪಾಸಾದವಳು ಎಂದು ಮಾಸ್ತರರು ಚೇಷ್ಟೆ ಮಾಡುತ್ತಿದ್ದರಂತೆ.

ಹತ್ತೊಂಬತ್ತನೇ ವಯಸ್ಸಿನ ಸುಮಾರಿಗೆ ಅವಳ ಹೊಟ್ಟೆ ಊದತೊಡಗಿತು. ಹಳೆಯ ಜ್ವರದವರ ಹೊಟ್ಟೆಯಲ್ಲಿ ಗಡ್ಡೆ ಬೆಳೆಯುವುದು ನಮ್ಮ ಸೀಮೆಗೆ ಹೊಸದಲ್ಲ. ಆದರೆ ಗಂಡಸಿನ ಹೊಟ್ಟೆ ಊದಿದರೆ ಅದು ಗಡ್ಡೆ, ಮದುವೆಯಾಗದ ಹುಡುಗಿಯ ಹೊಟ್ಟೆ ಊದಿದರೆ ಊರಿಗೆಲ್ಲ ಬೇರೆಯೇ ಲೆಕ್ಕ! ಬಾವಿಕಟ್ಟೆಯಲ್ಲಿ ಪಿಸುಮಾತು ಶುರುವಾಯಿತು. ಆನವಟ್ಟಿಯಿಂದ ಕನ್ಯೆ ನೋಡಲು ಬಂದವರು ಅವಲಕ್ಕಿ ಮುಟ್ಟದೆ ಎದ್ದುಹೋದರು. ಅಜ್ಜ ಹಿತ್ತಲ ಬಾಗಿಲಿನಿಂದ ಸೂಲಗಿತ್ತಿ ನಾಗಿಯನ್ನು ಕರೆಸಿದ.

"ನಾ ಏನೂ ತಪ್ಪು ಮಾಡಿಲ್ಲಪಾ" ಎಂದು ಅತ್ತೆ ಅತ್ತರೂ ಅವನು ಗೋಡೆ ನೋಡುತ್ತ ನಿಂತಿದ್ದ. ನಾಗಿ ಹೊಟ್ಟೆ ಒತ್ತಿ ನೋಡಿ, "ನನಗ ತಿಳಿವಲ್ದ್ರೀ, ಸಿರಸಿ ದವಾಖಾನ್ಯಾಗ ತೋರಸ್ರಿ" ಎಂದಳು. ಅಂದಿನಿಂದ ಅಜ್ಜ ಮಗಳ ಮುಖ ನೋಡಿ ಮಾತಾಡುವುದನ್ನೇ ಬಿಟ್ಟ. ಹೆತ್ತ ಅಪ್ಪನೇ ನಂಬಲಿಲ್ಲವಲ್ಲ ಎಂಬ ಸಂಕಟ ಅತ್ತೆಯನ್ನು ಜ್ವರಕ್ಕಿಂತ ಹೆಚ್ಚು ಹಿಂಡಿತು.

ಸಿರಸಿಯ ದವಾಖಾನೆಯಲ್ಲಿ ಹಾವೇರಿ ಕಡೆಯ ಸಾವಿತ್ರವ್ವ ಎಂಬ ನರ್ಸ್ ಇದ್ದಳು. ಪರದೆ ಎಳೆದು, "ಮುಟ್ಟಿ ನೋಡ್ಲೇನವ್ವಾ?" ಎಂದು ಕೇಳಿದಳಂತೆ. ಅಲ್ಲಿಯವರೆಗೆ ಹೊಟ್ಟೆ ಒತ್ತಿದವರು ಎಷ್ಟೋ ಜನ, ಕೇಳಿ ಮುಟ್ಟಿದವಳು ಅವಳೊಬ್ಬಳೇ. ಡಾಕ್ಟರು ನೋಡಿ ಕ್ವಿನೈನ್ ಬರೆದರು. ಸಾವಿತ್ರವ್ವ ಹೊರಗೆ ಬಂದು ಅಜ್ಜನಿಗೆ, "ಜ್ವರದ ಗಡ್ಡಿ ಐತ್ರಿ ಅದು, ಮತ್ತೇನಿಲ್ಲ. ಊರಾಗ ಯಾರರ ಕೇಳಿದ್ರ ನಾ ಹೇಳೇನಂತ ಹೇಳ್ರಿ" ಎಂದಳು. ಅಜ್ಜ ತಲೆ ತಗ್ಗಿಸಿದ. ಆದರೆ ಒಳಗೆ ಹೋಗಿ ಮಗಳಿಗೆ ಒಂದು ಮಾತೂ ಹೇಳಲಿಲ್ಲ. ಮೊದಲು ಸಂಶಯ ಅವನ ಬಾಯಿ ಕಟ್ಟಿತ್ತು, ಈಗ ನಾಚಿಕೆ.

ಅತ್ತೆ ಕೆಲವು ವಾರ ಅಲ್ಲೇ ಇದ್ದಳು. ಪಕ್ಕದ ಮಂಚದಲ್ಲಿ ಯಲ್ಲಾಪುರದ ಅಮೀರುನ್ನಿಸಾ, ಅವಳಿಗೂ ಅದೇ ಜ್ವರ. ಅವಳಿಗೆ ಚಳಿ ಬಂದಾಗ ಎಲ್ಲರೂ ಸಮಾಧಾನದ ಮಾತಾಡುತ್ತಿದ್ದರು. ಆ ಹೊತ್ತಿಗೆ ಮಾತು ಬೇಡ, ಕಾಲ ಮೇಲೆ ಭಾರ ಬೇಕು ಎಂದು ಅತ್ತೆಗೆ ಗೊತ್ತಿತ್ತು. ಸುಮ್ಮನೆ ಹೋಗಿ ಕಂಬಳಿಯ ಅಂಚು ಒತ್ತಿಕೊಂಡು ಕೂತಳು. ಅಮೀರುನ್ನಿಸಾಳ ನಡುಕ ನಿಂತ ಮೇಲೆ ಸಾವಿತ್ರವ್ವನಿಗೆ, "ನಾನೂ ನಿಮ್ಹಂಗ ಆಗ್ತೇನ್ರೀ" ಎಂದಳು.

ಹುಬ್ಬಳ್ಳಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಕಲಿಯಲು ಸಾವಿತ್ರವ್ವನೇ ಹೇಳಿಟ್ಟಳು. ಮನೆಯಲ್ಲಿ ಅಜ್ಜಿ ಗುರುಶಾಂತವ್ವ ಕೂಗಾಡಿದಳು. "ಯಾರ್ಯಾರ್ದೋ ಮೈ ತೊಳಿಯೂ ಕೆಲ್ಸ! ಮೊದ್ಲ ನಿನ್ನ ಮೈ ನೆಟ್ಟಗಿಲ್ಲ."

"ಅದಕ್ಕ ಹೊಂಟೇನಿ ಅವ್ವಾ. ಮಲಗಿದಾಕಿಗೆ ಏನ್ ಬೇಕಂತ ನನಗ ಗೊತ್ತೈತಿ."

ಅಜ್ಜ, "ಹೋಗ್ಲಿ ಬಿಡು" ಎಂದ. ಅದು ಒಪ್ಪಿಗೆಯೋ, ಭಾರ ಕಳೆಯಿತೆಂಬ ನಿಟ್ಟುಸಿರೋ ಅತ್ತೆಗೆ ತಿಳಿಯಲಿಲ್ಲ.

ಸಿರಸಿಯಲ್ಲಿ ಅವಳನ್ನು ಹುಬ್ಬಳ್ಳಿ ಮೋಟಾರು ಹತ್ತಿಸಿ ಮರಳುವುದು ಅಜ್ಜನ ಯೋಚನೆ. ಕ್ವಿನೈನಿಗೆ ತಗ್ಗಿದ್ದ ಜ್ವರ ಮೋಟಾರಿನ ಬಾಗಿಲಲ್ಲೇ ತಿರುಗಿ ಬಂತು. ಹಲ್ಲು ಕಟಕಟಿಸತೊಡಗಿತು. "ನಡಿ, ಮನಿಗೆ ಹೋಗೂಣು" ಎಂದ ಅಜ್ಜ. ಅತ್ತೆ ಬಾಗಿಲ ಸರಳು ಹಿಡಿದವಳು ಬಿಡಲಿಲ್ಲ.

"ಮನಿಗೆ ಹೋದ್ರ ಮತ್ತ ಹಿತ್ಲಬಾಗ್ಲಾ ತಗೀತಿ ಏನಪಾ?"

ಚಾಲಕ ನೂರ್ ಅಹ್ಮದ್, "ಬರೋರಿದ್ರೆ ಬೇಗ ಹತ್ರೀ" ಎಂದು ಕೂಗಿದ. ಅಜ್ಜ ಮಗಳನ್ನು ಎತ್ತಿ ಕೂರಿಸಿ, ತಾನು ಹೊದ್ದಿದ್ದ ಕಂಬಳಿಯನ್ನು ಅವಳಿಗೆ ಸುತ್ತಿ, ತಾನೂ ಹತ್ತಿ ಕೂತ. ಯಲ್ಲಾಪುರ ದಾಟಿತು, ಕಿರವತ್ತಿ ದಾಟಿತು. ಕಂಬಳಿಯ ಮೇಲಿಟ್ಟ ಕೈಯನ್ನು ಅಜ್ಜ ತೆಗೆಯಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಕಾವಲಿನವನು ಕಂಬಳಿಯ ಮುದ್ದೆಯನ್ನು ನೋಡಿ, "ಪೇಶಂಟ್ ಈ ಕಡೆ ಕೂಡ್ರಸ್ರಿ" ಎಂದ.

"ಪೇಶಂಟ್ ಅಲ್ರೀ" ಎಂದ ಅಜ್ಜ. "ನರ್ಸ್ ಆಗಾಕ ಬಂದಾಳ."

ಕಾವಲಿನವನು ನಕ್ಕುಬಿಟ್ಟ. ಅಂಗಡಿಯಲ್ಲಿ ಗಿರಾಕಿಗೂ ಎತ್ತರದ ದನಿಯಲ್ಲಿ ಮಾತಾಡದ ನನ್ನ ಅಜ್ಜ ಹೊರಗೆ ಕೂತವರಿಗೆಲ್ಲ ಕೇಳುವಂತೆ, "ನನ್ನ ಮಗಳ್ರೀ ಈಕಿ, ಪಾರ್ವತವ್ವ. ಮುಲ್ಕಿ ಪಾಸಾಗ್ಯಾಳ. ಈಕಿ ಮ್ಯಾಲ ನನಗ ನಂಬಿಕಿ ಐತಿ" ಎಂದ. ಕಾವಲಿನವನಿಗೆ ಬೇಕಿಲ್ಲದ ಆ ಕೊನೆಯ ಮಾತನ್ನು ಅವನು ಮಗಳ ಮುಖ ನೋಡುತ್ತ ಹೇಳಿದ.