ತೊಟ್ಟಿ ತಣಿಯುವ ಹೊತ್ತು

ಕಣ್ಣು ಬಿಟ್ಟೊಡನೆ ಬಿಸಿಲು ಮುಖಕ್ಕೆ ರಾಚಿತು. ಬಣ್ಣದ ಮೇಸ್ತ್ರಿ ತಲೆಯನ್ನು ದಿಂಬಿನಡಿ ತುರುಕಿಕೊಂಡ. ತಲೆಯೊಳಗೆ ಯಾರೋ ಹಾರೆ ಹಾಕಿ ಮೀಟುತ್ತಿದ್ದರು. ನಾಲಿಗೆ ಒಣಚರ್ಮದ ತುಂಡಾಗಿತ್ತು. ಕಿಟಕಿಯಾಚೆ ಸಮುದ್ರದ್ದು ಒಂದೇ ಗದ್ದಲ. ದೊಡ್ಡ ಆರ್ಡರ್ ಮುಗಿದ ಖುಷಿಗೆ ಬಟ್ಟೆ ಗಿರಣಿಯ ಧಣಿಗಳು ಬಣ್ಣದ ವಿಭಾಗದವರನ್ನೆಲ್ಲ ಮನೆಮಂದಿ ಸಮೇತ ರಜೆಗೆಂದು ಇಲ್ಲಿಗೆ ಕರೆತಂದಿದ್ದರು. ಧಣಿಗಳು ಪುಕ್ಕಟೆ ಕೊಟ್ಟದ್ದನ್ನು ಮೂಸಿ ನೋಡಿ ಮುಟ್ಟಬೇಕು. ಆ ಬುದ್ಧಿ ಮೇಸ್ತ್ರಿಗೂ ಇತ್ತು. ನಿನ್ನೆ ಸಂಜೆ ಎರಡನೇ ಗ್ಲಾಸಿನವರೆಗೂ ಇತ್ತು.

"ಎದ್ರಾ ಮಹಾರಾಜ್ರು?" ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಅವಳದೂ ಅದೇ ಗಿರಣಿ, ಬಟ್ಟೆ ಮಡಚುವ ಕೆಲಸ. "ಮ್ಯಾನೇಜರ್ ಹೆಗಲ ಮೇಲೆ ಕೈ ಹಾಕ್ಕೊಂಡು ಏನೇನು ಊದಿದ್ರಿ, ನೆನಪಿದೆಯಾ?"

"ಏನು ಊದ್ದೆ?"

"ತೊಟ್ಟಿ ತಣಿಸೋದೆಲ್ಲ ಬರೀ ನಾಟಕ, ಸುಡೋ ತೊಟ್ಟಿಗೇ ಮುಂದಿನ ಬಟ್ಟೆ ಇಳಿಸ್ತೀನಿ, ಒಂದು ಕಲೆ ಬಿದ್ರೆ ಮೀಸೆ ಬೋಳಿಸ್ಕೋತೀನಿ ಅಂದ್ರಿ. ಆ ಮೀಸೆಗೆ ಬೆಂಕಿ ಹಾಕ!"

ಮೇಸ್ತ್ರಿ ದಿಂಬು ಎಸೆದು ಎದ್ದು ಕೂತ.

ಒಂದು ಸರದಿ ಬಟ್ಟೆ ಮೇಲೆತ್ತಿದ ಮೇಲೆ ಬಣ್ಣದ ತೊಟ್ಟಿ ತಣಿಯಬೇಕು, ಇಲ್ಲದಿದ್ದರೆ ಬಣ್ಣ ಮಚ್ಚೆಮಚ್ಚೆಯಾಗುತ್ತದೆ ಎಂಬುದು ಗಿರಣಿಯ ಮಾತು. ಹಳೆಯ ಬಣ್ಣಗಳ ಕಾಲಕ್ಕೆ ಇದು ನಿಜವಾಗಿತ್ತು. ಬಣ್ಣ ಬದಲಾಯಿತು, ಮಾತು ಬದಲಾಗಲಿಲ್ಲ. ತೊಟ್ಟಿ ತಣಿಯುವಷ್ಟು ಹೊತ್ತು ಹಬೆಯಲ್ಲಿ ಬೆಂದವರು ಬೆನ್ನು ನೆಟ್ಟಗೆ ಮಾಡುತ್ತಿದ್ದರು, ನೀರು ಕುಡಿಯುತ್ತಿದ್ದರು, ಉಚ್ಚೆ ಹೊಯ್ಯುತ್ತಿದ್ದರು. ಗೇಟಿನ ಮುಂದೆ ಗಂಟಲು ಹರಿದುಕೊಂಡು, ಲಾಠಿ ತಿಂದರೂ ದಕ್ಕದ ವಿರಾಮ ಈ ಒಂದು ಸುಳ್ಳಿನಿಂದ ದಕ್ಕಿತ್ತು. ಹಳೇ ಮೇಸ್ತ್ರಿ ಇವನಿಗೆ ಕಸುಬಿನ ಜೊತೆಗೇ ಸುಳ್ಳನ್ನೂ ಹೇಳಿಕೊಟ್ಟಿದ್ದ. ಇವನು ಕಸುಬಿನ ಜಂಬದಲ್ಲಿ ಅದನ್ನು ಗ್ಲಾಸಿಗೆ ಸುರಿದುಬಿಟ್ಟ.

ಮ್ಯಾನೇಜರೂ ಕುಡಿದಿದ್ದರಲ್ಲ, ಮರೆತಿರಬಹುದು. ಆ ಆಸೆಯ ಎಳೆ ಹಿಡಿದುಕೊಂಡು ಮರಳಿಗಿಳಿದ.

ಮ್ಯಾನೇಜರ್ ಕಪ್ಪು ಕನ್ನಡಕ ಹಾಕಿ ಕುರ್ಚಿಯಲ್ಲಿ ಕಾಲು ಚಾಚಿದ್ದರು. "ಬನ್ನಿ ಮೇಸ್ತ್ರಿ, ತಲೆ ಹೇಗಿದೆ?"

"ನಿಮ್ಮದೂ ಹಿಡ್ಕೊಂಡಿರಬೇಕಲ್ಲ ಸಾರ್."

"ನಾನೆಲ್ಲಿ ಕುಡಿದೆ? ಡಾಕ್ಟರು ಬೇಡ ಅಂದಿದಾರೆ. ನನ್ನ ಗ್ಲಾಸಲ್ಲಿದ್ದದ್ದು ಬರೀ ಸೋಡಾ."

ಮೇಸ್ತ್ರಿಗೆ ನಿಂತ ಮರಳೇ ಜಾರಿತು. "ಸಾರ್, ಕುಡಿದ ಬಾಯಿ, ಏನೋ ಬಡಾಯಿ ಕೊಚ್ಚಿದೆ. ತಣಿಸದಿದ್ರೆ ಬಟ್ಟೆ ಹಾಳಾಗುತ್ತೆ. ನನ್ನ ಕೈಯಲ್ಲಿ ಆಗಲ್ಲ. ನಿಜ ಹೇಳ್ಬೇಕಂದ್ರೆ, ನನಗೆ ಅಷ್ಟು ಕೆಲಸ ಬರಲ್ಲ."

ಹುಟ್ಟಿದಾಗಿನಿಂದ ಆಡದ ಮಾತು. ಆಡಿದ.

ಮ್ಯಾನೇಜರ್ ನಕ್ಕರು. "ಕೆಲಸ ಬರದವರಿಗೆ ಮೇಸ್ತ್ರಿಗಿರಿ ಯಾಕೆ ಹೇಳಿ? ಬೇರೆಯವರನ್ನ ನೋಡೋಣ. ಬರುತ್ತೆ ಅಂದ್ರೆ ಸೋಮವಾರದಿಂದ ತೊಟ್ಟಿ ನಿಲ್ಲೋದು ಬೇಡ. ಹೋಗಿ, ರಜೆ ಅನುಭವಿಸಿ."

ಕೆಲಸ ಬರಲ್ಲ ಅನ್ನುವ ಮಾತನ್ನು ಅವನು ಮತ್ತೆ ಆಡಲಿಲ್ಲ. ನಿನ್ನೆ ಮುಚ್ಚದ ಬಾಯಿ ಇವತ್ತು ಹೊಲಿದುಕೊಂಡಿತು.

ನೀರಿನ ಅಂಚಿನಲ್ಲಿ ದೊಡ್ಡಕ್ಕ ಕೂತಿದ್ದಳು. ವಿಭಾಗಕ್ಕೆಲ್ಲ ಹಿರಿಯಳು; ಸದಾ ನಿಂತೂ ನಿಂತೂ ಕಾಲು ಕಂಬದಂತೆ ಊದಿದ್ದವು. ಅವನ್ನು ಅಲೆಗೆ ಒಡ್ಡಿ ಮಗುವಿನಂತೆ ಆಡಿಸುತ್ತಿದ್ದಳು. ಇವನನ್ನು ಕಂಡು ಚೀಲದಿಂದ ನಿಂಬೆನೀರಿನ ಬಾಟಲಿ ತೆಗೆದಳು.

"ಬಾರೋ ಕುಡುಕಪ್ಪ. ಉಪ್ಪು ಹಾಕಿದೀನಿ, ಕುಡಿ, ಅಮಲು ಇಳಿಯುತ್ತೆ. ತೊಟ್ಟಿ ತಣಿಯೋವರೆಗೂ ಕೂತ್ಕೋ."

ಯಾರಾದರೂ ಸುಸ್ತಾದರೆ ಗಿರಣಿಯವರೆಲ್ಲ ಆಡುತ್ತಿದ್ದ ತಮಾಷೆ ಅದು. ಮೇಸ್ತ್ರಿ ಕೂರಲಿಲ್ಲ.

"ದೊಡ್ಡಕ್ಕ, ಇನ್ನು ತೊಟ್ಟಿ ತಣಿಯಲ್ಲ. ನಾನೇ ಬಾಯಿಬಿಟ್ಟೆ."

ಅವಳು ಅವನ ಮುಖ ನೋಡಿದಳು. ದೂರದ ಕುರ್ಚಿಯನ್ನೂ ನೋಡಿದಳು. ಬಾಟಲಿಗೆ ಮುಚ್ಚಳ ಬಿಗಿಯಾಗಿ ತಿರುಗಿಸಿ ಮತ್ತೆ ಚೀಲದೊಳಗಿಟ್ಟು, ತನ್ನ ಕಾಲುಗಳನ್ನೇ ನೋಡುತ್ತ ಕೂತಳು.