ತೊಟ್ಟಿಲು ಹುಡುಕಿದ ಕಾಗದ

ಮೊನ್ನೆ ಗೋಕುಲ ರಸ್ತೆಯ ಕೊರಿಯರ್ ಅಂಗಡಿಯಲ್ಲಿ ರಶೀದಿಗೆ ಸಹಿ ಹಾಕಿದೆ. ಬೆರಳಿಗೆ ಕಾರ್ಬನ್ ಹತ್ತಿತು. ಮೂಸಿ ನೋಡಿದೆ. ಕೌಂಟರಿನ ಹೆಣ್ಣುಮಗಳು ನನ್ನನ್ನು ಒಂದು ನಮೂನೆ ನೋಡಿದಳು. ನೋಡಲಿ ಬಿಡಿ. ನಾನಾಗಲೇ ಐವತ್ತು ವರ್ಷ ಹಿಂದೆ ಹೋಗಿದ್ದೆ.

ಆಗ ನಾನು ಧಾರವಾಡದ ಸಮೀಪದ ಒಂದು ಸಣ್ಣ ರೈಲ್ವೆ ಸ್ಟೇಶನ್ನಿನ ಪಾರ್ಸೆಲ್ ಗುಮಾಸ್ತ. ದಿನವಿಡೀ ಕಾರ್ಬನ್ ಇಟ್ಟು ರಶೀದಿ ಬರೆಯುವುದೇ ಕೆಲಸ. ನಮ್ಮ ಸ್ಟೇಶನ್ ಮಾಸ್ತರರು ಬರೆಯುವುದರಲ್ಲಿ ಮಹಾ ಜಿಪುಣರು. ಸಾಮಾನು ತಪ್ಪಿದರೆ ಊರೂರಿನ ಸ್ಟೇಶನ್ನಿಗೆ ಕಳಿಸುವ ವಿಚಾರಣೆ ಕಾಗದದಲ್ಲಿ ನಂಬರು, ತೂಕ, ಅಷ್ಟೇ. ನಾನೊಮ್ಮೆ 'ಪ್ಲೀಜ್' ಎಂದು ಸೇರಿಸಿದ್ದೆ. "ಇದೇನ್ ಬೀಗರ ಪತ್ರ ಅಲ್ರಿ" ಎಂದು ಹೊಡೆದುಹಾಕಿದರು.

ನನ್ನದೂ ಒಂದು ಜಾಣತನವಿತ್ತು. ವಿಳಾಸದ ಚೀಟಿಗಳನ್ನೆಲ್ಲ ಒಮ್ಮೆಲೇ ಬರೆದಿಟ್ಟುಕೊಂಡು ಆಮೇಲೆ ಗಂಟುಗಳಿಗೆ ಕಟ್ಟುತ್ತಿದ್ದೆ. ಒಂದು ದಿನ ಗೋಣಿತಟ್ಟು ಸುತ್ತಿದ ಎರಡು ಗಂಟುಗಳ ಚೀಟಿ ಅದಲುಬದಲಾದವು. ಗದಗಿಗೆ ಯಾರದೋ ನೇಗಿಲು ಮುಟ್ಟಿತು. ಗದಗಿಗೆ ಹೋಗಬೇಕಾದ ಕಲಘಟಗಿಯ ಬಣ್ಣದ ತೊಟ್ಟಿಲನ್ನು, ಅದು ಮುಟ್ಟಿದ ಊರಿನವರು 'ನಮ್ಮದಲ್ಲ' ಎಂದು ಮುಂದಕ್ಕೆ ಸಾಗಹಾಕಿದರು. ಆಮೇಲೆ ಅದರ ಪತ್ತೆಯೇ ಇಲ್ಲ.

ಸೋಮವಾರ, ಅದನ್ನು ಕಳಿಸಿದ ಉಪ್ಪಿನಬೆಟಗೇರಿಯ ನೀಲವ್ವ ಬಂದಳು. "ಶುಕ್ರವಾರ ಮೊಮ್ಮಗಳಿಗೆ ಹೆಸರಿಡೋದೈತ್ರಿ. ತವರಮನಿ ತೊಟ್ಟಲಾ ಬರಲಿಲ್ಲಂದ್ರ ನನ್ನ ಮಗಳು ಅತ್ತಿ ಮುಂದ ಹ್ಯಾಂಗ ತಲಿ ಎತ್ತಬೇಕ್ರಿ?"

ನಾನು ಮಾಸ್ತರರ ಕಡೆ ತಿರುಗಿದೆ. "ಚೀಟಿ ತಪ್ಪಿಸಿದಾವ ನಾನ ರೀ, ಸಾಹೇಬ್ರ" ಎಂದೆ. ಮಾಸ್ತರರು ವಿಚಾರಣೆ ಕಾಗದ ತೆಗೆದು, ಪೆನ್ಸಿಲು ನಾಲಿಗೆಗೆ ತಾಗಿಸಿ ನಂಬರು, ತೂಕ ಬರೆದರು. ತಪ್ಪು ಯಾರದು ಎಂಬಲ್ಲಿ 'ಈ ಸ್ಟೇಶನ್ನಿನದು' ಎಂದು ತುಂಬಿದರು. ಆಮೇಲೆ ಕೆಳಗೆ, ಇಂಗ್ಲಿಷ್ ಬಿಟ್ಟು ಕನ್ನಡದಲ್ಲಿ: 'ಶುಕ್ರವಾರ ಹೆಸರಿಡುವುದಿದೆ. ಕೂಸು ಕಾಯುತ್ತಿದೆ.' ಬಂದ ಗಾಡಿಯ ಗಾರ್ಡಿನ ಕೈಗೆ ತಾವೇ ಕೊಟ್ಟರು.

ವಾರದ ಮೇಲೆ ಆ ಕಾಗದ ತಿರುಗಿ ಬಂತು. ಬೇರೆ ಬೇರೆ ಸ್ಟೇಶನ್ನಿನ ಮಾಸ್ತರರು ಒಬ್ಬರ ಕೆಳಗೊಬ್ಬರು ಬರೆದಿದ್ದರು. 'ಇಲ್ಲಿಲ್ಲ. ಗೋದಾಮು ನಾನೇ ಹುಡುಕಿದೆ.' 'ಇಲ್ಲೂ ಇಲ್ಲ, ಲಗೂ ಮುಂದೆ ಕಳಿಸಿದೆ.' 'ಸಿಕ್ಕಿತು. ಗಾರ್ಡಿನ ಹತ್ತಿರವೇ ಕೊಟ್ಟು ಗದಗಿಗೆ ಕಳಿಸಿದೆ.' ಕಟ್ಟಕಡೆಗೆ ಗದಗಿನಿಂದ: 'ಶುಕ್ರವಾರ ಮುಂಜಾನೆ ಮುಟ್ಟಿತು. ಕೂಸಿನ ಹೆಸರು ಶಾಂತವ್ವ.'

ಮಾಸ್ತರರು ಎರಡು ಸಲ ಓದಿದರು. "ಫೈಲಿಗೆ ಹಚ್ರಿ. ಇನ್ನ ಮ್ಯಾಲ ಒಂದ ಚೀಟಿ ಬರೀರಿ, ಕಟ್ರಿ. ಆಮ್ಯಾಲ ಇನ್ನೊಂದು." ಬೈದದ್ದು ಅಷ್ಟೇ. ಅವರ ಕಾಲು ಮುಟ್ಟಬೇಕೆನಿಸಿತ್ತು. ನಾಚಿಕೊಂಡು ಸುಮ್ಮನಾದೆ, ಅದು ಇವತ್ತಿಗೂ ಚುಚ್ಚುತ್ತದೆ.

ಮೊನ್ನೆ ಕೊರಿಯರ್ ಅಂಗಡಿಯಲ್ಲಿ ಆ ಹೆಣ್ಣುಮಗಳೂ ನನ್ನದು ಸೇರಿ ನಾಲ್ಕು ಪಾರ್ಸೆಲ್ಲಿಗೂ ಚೀಟಿ ಬರೆದು ಸಾಲಾಗಿ ಇಟ್ಟಿದ್ದಳು.

"ತಂಗಿ, ಒಂದೊಂದ ಓದಿ ನೋಡಿ ಹಚ್ಚವಾ. ನಾ ನಿಂದರ್ತೇನಿ" ಎಂದೆ.

ನನ್ನ ಪಾರ್ಸೆಲ್ಲಿಗೆ ಮೊದಲು ಹಚ್ಚಿ, "ನಿಮ್ಮದು ಆತಲ್ರಿ, ಅಜ್ಜಾರ" ಎಂದು ನಕ್ಕಳು.

ನನ್ನದು ಆಗಿತ್ತು. ಉಳಿದ ಮೂರಕ್ಕೂ ಹಚ್ಚುವ ತನಕ ನಿಂತೇ ಇದ್ದೆ.